ಇದು ಯಾರ ಗದ್ದೆಯ ಬೀಜ?

ಕೇಳುಗ ಬಂಧುಗಳೇ, ನಮಸ್ಕಾರ.

ಹೋದ ತಿಂಗಳು ನನ್ನ ಅಣ್ಣನ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಅರಕಲಗೂಡಿನ ಕಡೆ ನಮ್ಮದು ಭತ್ತದ ಮನೆತನ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ. ‘ಹಿಮಾಲಯದ ಅಪ್ಪಟ ಮೂಲ ತಳಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಗಾಂಜಾ ಗಿಡದ ಬೀಜ. ಹತ್ತು ಕಾಳಿಗೆ ಕೇಳಿದ ಬೆಲೆಯಲ್ಲಿ ನಾನು ಒಂದು ಮೂಟೆ ಭತ್ತ ಕೊಡಬಹುದು. ‘ಚಿಕ್ಕಪ್ಪ, ನೀವು ಇಷ್ಟು ವರ್ಷ ನಾಟಿ ಬೀಜ ಉಳಿಸಿಕೊಂಡು ಬಂದವರು. ಇದು ನಿಜವಾದ ಮೂಲ ತಳಿಯೋ ಅಲ್ಲವೋ, ತಿಳಿಯುವುದು ಹೇಗೆ?’ ಎಂದು ಕೇಳಿದ.

ಮೊದಲು ಅವನಿಗೆ ಕಾನೂನಿನ ಮಾತು ಹೇಳಿದೆ, ನಿಮಗೂ ಹೇಳುತ್ತೇನೆ. 1985ರ ಮಾದಕ ವಸ್ತುಗಳ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಕಟ್ಟಿದ ತುದಿ. ತುದಿಯ ಜೊತೆಗಿಲ್ಲದ ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೆ ಪರವಾನಗಿ ಇಲ್ಲದೆ ಅದನ್ನು ಬೆಳೆಯುವುದು ಅಪರಾಧ. ಹತ್ತು ವರ್ಷದವರೆಗೆ ಜೈಲಾಗಬಹುದು. ಉತ್ತರಾಖಂಡದಲ್ಲಿ ನಾರಿಗಾಗಿ, ಕಾಳಿಗಾಗಿ, ಅಮಲಿನ ಅಂಶ ಶೇಕಡಾ 0.3 ಮೀರದ ಗಿಡಕ್ಕೆ ಸರ್ಕಾರವೇ ಪರವಾನಗಿ ಕೊಡುತ್ತದೆ. ಆ ಸುದ್ದಿ ಕೇಳಿ ಇಲ್ಲಿ ಯಾರೂ ಕಾಫಿ ತೋಟದ ಮೂಲೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು.

ಅವನು ಕೇಳಿದ ಪ್ರಶ್ನೆ ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ. ಬೀಜ ಅಪ್ಪಟವಾಗಿದೆ ಎಂದರೆ ಏನರ್ಥ?

ನಮ್ಮ ಮನೆಯ ರಾಜಮುಡಿ ಭತ್ತದಿಂದಲೇ ಶುರು ಮಾಡುತ್ತೇನೆ. ಹೊಳೆನರಸೀಪುರ, ಅರಕಲಗೂಡು ಸೀಮೆಯವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಯ್ಲಿಗೆ ಹದಿನೈದು ದಿನ ಇರುವಾಗ ಅವ್ವ ಬೆಳಗಿನ ಇಬ್ಬನಿ ಆರುವ ಮೊದಲೇ ಬೀಜದ ಗದ್ದೆಗೆ ಇಳಿಯುತ್ತಿದ್ದರು. ಎತ್ತರ ತಪ್ಪಿದ ಪೈರು, ಬೇಗ ಬಾಗಿದ ತೆನೆ, ಬಣ್ಣ ಬೇರೆಯಾದ ಕಾಳು ಕಂಡರೆ ಬುಡ ಹಿಡಿದು ಕೀಳುತ್ತಿದ್ದರು. ಅನುಮಾನ ಬಂದರೆ ಎರಡು ಕಾಳನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಒಳಗಿನ ಕೆಂಪು ನೋಡುತ್ತಿದ್ದರು. ಬೆರಕೆ ತೆನೆಗಳೆಲ್ಲ ಮಡಿಲಿಗೆ, ಅಲ್ಲಿಂದ ಕೋಳಿಗೆ. ಉಳಿದದ್ದು ಬಿಸಿಲಲ್ಲಿ ಒಣಗಿ, ಲಕ್ಕಿ ಸೊಪ್ಪಿನ ಜೊತೆ ಚೀಲ ಸೇರುತ್ತಿತ್ತು.

ಇಷ್ಟರಿಂದಲೇ ರಾಜಮುಡಿ ರಾಜಮುಡಿಯಾಗಿ ಉಳಿಯಲು ಭತ್ತದ ಸ್ವಭಾವವೂ ಕಾರಣ. ಅದರ ಹೂವು ತನ್ನ ಪರಾಗವನ್ನು ತಾನೇ ಪಡೆಯುತ್ತದೆ. ಪಕ್ಕದ ಗದ್ದೆಯ ಪರಾಗ ಬಂದು ಕೂಡುವುದು ಅಪರೂಪ. ಒಬ್ಬಳು ಹೆಂಗಸು, ಒಂದು ಮಡಿಲು, ವರ್ಷಕ್ಕೆ ನಾಲ್ಕಾರು ದಿನ ಸಾಕು.

ಗಾಂಜಾ ಗಿಡದ ಕಥೆಯೇ ಬೇರೆ. ಅದರಲ್ಲಿ ಸಾಮಾನ್ಯವಾಗಿ ಗಂಡು ಗಿಡ, ಹೆಣ್ಣು ಗಿಡ ಪ್ರತ್ಯೇಕ. ಪರಾಗ ಗಾಳಿಯಲ್ಲಿ ಹೋಗುತ್ತದೆ, ಮೈಲಿಗಟ್ಟಲೆ ಹೋಗುತ್ತದೆ. ಮೊರಾಕ್ಕೋದಲ್ಲಿ ಬೆಳೆದ ಗಿಡಗಳ ಪರಾಗ ಸಮುದ್ರ ದಾಟಿ ದಕ್ಷಿಣ ಸ್ಪೇನಿನ ಗಾಳಿಯಲ್ಲಿ ಸಿಕ್ಕಿದ್ದನ್ನು ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದರು. ಸಮುದ್ರವನ್ನೇ ದಾಟುವುದಕ್ಕೆ ಬದು ಯಾವ ಲೆಕ್ಕ! ಒಂದು ಕಣಿವೆಯ ತಳಿ ತನ್ನ ಗುಣ ಉಳಿಸಿಕೊಳ್ಳಬೇಕಾದರೆ ಒಂದು ಮನೆಯ ಜಾಗ್ರತೆ ಸಾಲದು, ಇಡೀ ಕಣಿವೆ ಅದನ್ನೇ ಬಿತ್ತಬೇಕು. ಎತ್ತರದ ಬೆಟ್ಟ, ಹಿಮ ಬೀಳುವ ದಾರಿ, ಹೊರಗಿನವರು ಬಾರದ ಊರು, ಇವೇ ಅದರ ಬೇಲಿ.

ಆ ಬೇಲಿ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಮೊರಾಕ್ಕೋದ ರಿಫ್ ಬೆಟ್ಟಗಳೇ ಸಾಕ್ಷಿ. ಅಲ್ಲಿನ ರೈತರ ಹಳೆಯ ತಳಿಯ ಹೆಸರು ‘ಬೆಲ್ದಿಯಾ’. ಈ ಮಾತಿನ ಅರ್ಥ ತಿಳಿದಾಗ ನನಗೆ ಮೈ ಜುಮ್ಮೆಂದಿತು: ‘ಈ ನೆಲದ್ದು’, ‘ಊರಿನದು’. ನಾವು ನಾಟಿ ಎನ್ನುತ್ತೇವಲ್ಲ, ಅದೇ ಮಾತು! ಮಳೆಯ ನೀರಿಗೇ ಹೊಂದಿಕೊಂಡ ಗಿಡ ಅದು. ಹೊರದೇಶದ ಹೈಬ್ರಿಡ್ ಬೀಜಗಳು ಬಂದವು. ‘ಖರ್ದಲಾ’ ಎಂದು ಕರೆಯುವ ತಳಿಗೆ ಇಳುವರಿ ಜಾಸ್ತಿ, ಅಮಲು ಜಾಸ್ತಿ, ನೀರೂ ಜಾಸ್ತಿ ಬೇಕು. ಒಂದೊಂದೇ ಹಳ್ಳಿಯಲ್ಲಿ ಬೆಲ್ದಿಯಾ ಹಿಂದೆ ಸರಿಯಿತು. 2021ರಲ್ಲಿ ಆ ದೇಶ ಔಷಧಿಗೂ ಕೈಗಾರಿಕೆಗೂ ಬೆಳೆಯಲು ಕಾನೂನು ಮಾಡಿತು; ಆಮೇಲೆ ಬೆಲ್ದಿಯಾ ಬೆಳೆಯಲೂ ಅನುಮತಿ ಸಿಕ್ಕಿತು. ಹೈಬ್ರಿಡ್ ಬಂದ ಮೇಲೆ ನಮ್ಮ ಕೆರೆ ಬಯಲಿನಿಂದ ಎಷ್ಟು ಭತ್ತದ ಹೆಸರುಗಳು ಎದ್ದು ಹೋದವು ಎಂದು ನೆನೆದರೆ, ರಿಫ್‌ನ ಆ ರೈತನನ್ನು ನಾನು ಕಾಣದಿದ್ದರೂ ಅವನ ಸಂಕಟ ನನಗೆ ಅರ್ಥವಾಗುತ್ತದೆ.

ಜಾಹೀರಾತಿನಲ್ಲಿ ಇನ್ನೊಂದು ಮಾತಿತ್ತು: ‘ಎಲ್ಲ ಗಿಡಗಳೂ ಒಂದೇ ಸಮ ಬೆಳೆಯುತ್ತವೆ.’ ಅನುಮಾನ ಹುಟ್ಟಬೇಕಾದದ್ದು ಅಲ್ಲಿಯೇ. ಗಾಳಿಯಿಂದ ಕೂಡುವ ಗಿಡದ ನಾಟಿ ತಳಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದಿಲ್ಲ. ಒಂದು ಎತ್ತರ, ಒಂದು ಗಿಡ್ಡ. ಒಂದು ಬೇಗ ಹೂ ಬಿಡುತ್ತದೆ, ಒಂದು ತಡವಾಗಿ. ಒಂದು ವರ್ಷ ಮಳೆ ಕೈಕೊಟ್ಟರೆ ಒಂದು ಬಗೆ ಉಳಿಯುತ್ತದೆ, ಚಳಿ ಬೇಗ ಬಂದರೆ ಇನ್ನೊಂದು. ಆ ವೈವಿಧ್ಯವೇ ಅದರ ಬಂಡವಾಳ. ಹತ್ತು ಕಾಳು ತಂದು ದೂರದ ಊರಿನಲ್ಲಿ ಬಿತ್ತಿ, ಅದರಿಂದಲೇ ಮತ್ತೆ ಬೀಜ ಹಿಡಿದರೆ, ಕೈಯಲ್ಲಿ ಉಳಿಯುವುದು ಆ ಹತ್ತು ಕಾಳಿನ ಸಂತಾನವೇ ಹೊರತು ಆ ಕಣಿವೆಯ ತಳಿಯಲ್ಲ. ಬೀಜ ಮಾರಿದವನು ಸುಳ್ಳು ಹೇಳದಿದ್ದರೂ ಮಾತು ಸುಳ್ಳಾಗುತ್ತದೆ.

ಹೆಸರನ್ನಂತೂ ನಂಬುವ ಹಾಗೇ ಇಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಗಾಂಜಾ ಗಿಡಕ್ಕೆ ಸಟೈವಾ ಎಂದು ಹೆಸರಿಟ್ಟ. 1785ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಮಾರ್ಕ್ ಭಾರತದಿಂದ ಹೋದ ಮಾದರಿಗಳನ್ನು ನೋಡಿ ಇಂಡಿಕಾ ಎಂದ. ಇವತ್ತು ಮಾರುವವರು ಈ ಎರಡೂ ಪದಗಳನ್ನು ಮನಸ್ಸಿಗೆ ಬಂದಂತೆ ಅಂಟಿಸುತ್ತಾರೆ. ಕೆನಡಾದ ಸಂಶೋಧಕರು 2015ರಲ್ಲಿ ನೂರಕ್ಕೂ ಹೆಚ್ಚು ಮಾದರಿಗಳ ವಂಶವಾಹಿ ಪರೀಕ್ಷಿಸಿದಾಗ, ಚೀಟಿಯ ಮೇಲಿನ ಹೆಸರಿಗೂ ಒಳಗಿನ ವಂಶಕ್ಕೂ ಎಷ್ಟೋ ಕಡೆ ತಾಳೆಯೇ ಆಗಲಿಲ್ಲ. ಇನ್ನು ಮೂಲದ ವಿಚಾರ: ಮನುಷ್ಯ ಮೊದಲು ಇದನ್ನು ಪಳಗಿಸಿದ್ದು ಪೂರ್ವ ಏಷ್ಯಾದಲ್ಲಿ, ಸುಮಾರು 12,000 ವರ್ಷಗಳ ಹಿಂದೆ ಎನ್ನುತ್ತದೆ 110 ಮಾದರಿಗಳ ವಂಶವಾಹಿ ಓದಿದ 2021ರ ಒಂದು ಅಧ್ಯಯನ. ಹಿಮಾಲಯದ ತಳಿಗೆ ಇದರಿಂದ ಕುಂದೇನೂ ಇಲ್ಲ. ಗಿಡ ಎಲ್ಲಿಂದಲೋ ಬಂದಿರಬಹುದು, ತಳಿ ಹುಟ್ಟುವುದು ಅದನ್ನು ತಲೆಮಾರುಗಟ್ಟಲೆ ಬಿತ್ತಿದವರ ಹೊಲದಲ್ಲಿ.

ಚಿಕ್ಕಮಗಳೂರಿನವರಿಗೆ ಇದು ಹೊಸ ಮಾತಲ್ಲ. ಬಾಬಾಬುಡನ್ ಮೋಕಾದಿಂದ ಏಳು ಕಾಫಿ ಬೀಜ ತಂದರೆಂಬ ಕಥೆ ಮಕ್ಕಳಿಗೂ ಗೊತ್ತು. ಆ ವಂಶದ್ದೆಂದು ಹೇಳುವ ಹಳೆಯ ಕಾಫಿಗೆ ಊರಿನ ಹೆಸರಿನಿಂದಲೇ ‘ಚಿಕ್’ ಎಂಬ ಹೆಸರು ಬಿತ್ತು. ಕಾಂಡಕೊರಕ ಮತ್ತು ಎಲೆ ತುಕ್ಕು ರೋಗ ಅದನ್ನು ತೋಟಗಳಿಂದ ಒರೆಸಿಹಾಕಿದವು. ಅದರ ಜಾಗಕ್ಕೆ ಕೂರ್ಗ್ ತಳಿ, ಕೆಂಟ್, ಆಮೇಲೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್. 795 ಬಂದವು. ಎಸ್. 795 ಎಲ್ಲಿಯದು, ತಂದೆ ಯಾರು, ತಾಯಿ ಯಾರು ಎಂಬುದಕ್ಕೆ ಬರಹದ ದಾಖಲೆ ಇದೆ. ‘ಚಿಕ್’ಗೆ ಉಳಿದಿರುವುದು ಕಥೆ. ಆ ಕಥೆ ನನಗೆ ತುಂಬಾ ಇಷ್ಟ. ಆದರೆ ಕಥೆಯಿಂದ ಬೀಜ ಮೊಳೆಯುವುದಿಲ್ಲ.

ಆದ್ದರಿಂದ ಅಣ್ಣನ ಮಗನಿಗೆ ನಾನು ಹೇಳಿದ್ದು ಇಷ್ಟು. ಕಾಳಿನ ಮೇಲಿನ ಮಚ್ಚೆ ನೋಡಿ ಊರು ಹೇಳಲು ಯಾರಿಂದಲೂ ಆಗುವುದಿಲ್ಲ. ಯಾವ ಬೀಜವೇ ಇರಲಿ, ಯಾವ ಊರು, ಯಾವ ವರ್ಷ, ಎಷ್ಟು ಗಿಡಗಳಿಂದ ಹಿಡಿದದ್ದು, ಬೆಳೆದವರಿಗೆ ತಿಳಿಸಿ ತಂದದ್ದೋ ಅಲ್ಲವೋ ಎಂದು ಕೇಳು. ಉತ್ತರ ಬಾರದಿದ್ದರೆ ಅದು ಬರಿಯ ಪೊಟ್ಟಣ. ಬೆಳೆದವರ ಹೆಸರನ್ನು ಬಿಟ್ಟು ಬೆಟ್ಟದ ಹೆಸರನ್ನು ಮಾತ್ರ ಮಾರುವುದು ನನ್ನ ಮಟ್ಟಿಗೆ ಕಳ್ಳತನವೇ.

ನಮ್ಮ ಕೆಲಸವೂ ಬಾಕಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದರಲ್ಲಿ ನಿಮ್ಮ ಮನೆಯ ಭತ್ತ, ರಾಗಿ, ಅವರೆಯ ಹೆಸರು ಇದೆಯೇ? ಹೋಗಿ ನೋಡಿ, ಇಲ್ಲದಿದ್ದರೆ ಬರೆಸಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರ ತಳಿಯನ್ನು ರೈತರ ಹೆಸರಿನಲ್ಲೇ ನೋಂದಾಯಿಸಲು ಅವಕಾಶ ಕೊಟ್ಟಿದೆ. ಇದನ್ನು ಕಾಗದದ ಕೆಲಸವೆಂದು ತಳ್ಳಿಹಾಕಬೇಡಿ. ನಾಳೆ ಯಾರೋ ‘ಹಾಸನದ ಅಪ್ಪಟ ರಾಜಮುಡಿ’ ಎಂದು ಪೊಟ್ಟಣ ಕಟ್ಟಿ ಮಾರಿದರೆ, ಯಾರ ಗದ್ದೆಯದು ಎಂದು ಕೇಳಲು ನಮ್ಮ ಕೈಯಲ್ಲಿ ಒಂದು ಹಾಳೆಯಾದರೂ ಇರಬೇಕಲ್ಲ.

ಅವ್ವನ ಬೀಜದ ಚೀಲದ ಮೇಲೆ ಇದ್ದಿಲಿನಲ್ಲಿ ಎರಡೇ ಮಾತು ಇರುತ್ತಿದ್ದವು: ‘ಹುಣಸೆಮರದ ಗದ್ದೆ’, ಕೆಳಗೆ ವರ್ಷ. ಈಗ ಅವರಿಗೆ ಬದು ಹತ್ತಿ ಇಳಿಯಲು ಆಗುವುದಿಲ್ಲ. ಈ ಸಲ ಬೆರಕೆ ಕೀಳುವ ಹೊತ್ತಿಗೆ ನಾಲ್ಕು ದಿನ ರಜೆ ಹಾಕಿ ಬರುತ್ತೇನೆ ಎಂದು ಅಣ್ಣನ ಮಗ ಹೇಳಿ ಹೋಗಿದ್ದಾನೆ. ಅವ್ವ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತು ತೋರಿಸುತ್ತಾರಂತೆ. ಚೀಲದ ಮೇಲೆ ಈ ವರ್ಷ ಬರೆಯುವವನು ಅವನೇ.

ನಮಸ್ಕಾರ.