ಬಿಸಿಲಿದೆ, ನೀರಿದೆಯೇ? ರಾಯಚೂರಿನ ಮನೆಗೆ ಬಟ್ಟೆ ಲಂಗೋಟಿಯೋ ಡೈಪರೋ

[ದೃಶ್ಯ: ಮಾಳಿಗೆಯ ಮೇಲೆ ತಂತಿಯ ತುಂಬ ಬಿಳಿ ಬಟ್ಟೆಗಳು. ನಿರೂಪಕಿ ನೆರಳಿನಲ್ಲಿ ನಿಂತಿದ್ದಾರೆ.]

ನಮಸ್ಕಾರ. ಮಗಳು ಬಾಣಂತನಕ್ಕೆ ತವರಿಗೆ ಬಂದ ಮನೆಯಲ್ಲಿ, ಮಗುವಿಗೆ ಏನು ಹೆಸರಿಡಬೇಕು ಎಂಬುದಕ್ಕಿಂತ ಮೊದಲು ಶುರುವಾಗುವ ಚರ್ಚೆ ಇದು. ಅವ್ವ ಹಳೆಯ ಪಂಚೆಗಳನ್ನು ಹರಿದು, ಒಗೆದು, ಗಂಟು ಕಟ್ಟಿ ಇಟ್ಟಿರುತ್ತಾರೆ. ಅಳಿಯಂದಿರು ಬೆಂಗಳೂರಿನಿಂದ ಬರುವಾಗ ಎರಡು ದೊಡ್ಡ ಡೈಪರ್ ಪ್ಯಾಕೆಟ್ ಹಿಡಿದುಕೊಂಡು ಇಳಿಯುತ್ತಾರೆ. ಇಬ್ಬರದೂ ಪ್ರೀತಿಯೇ. ಆದರೆ ಟಾಕಿಯಲ್ಲಿ ನೀರು ಎಷ್ಟಿದೆ ಎಂದು ಇಬ್ಬರೂ ನೋಡಿರುವುದಿಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಈ ವಿಷಯದಲ್ಲಿ ಬಿಸಿಲು, ನೀರು, ಒಗೆಯುವ ಕೈ ಈ ಮೂರನ್ನು ನೋಡಿ ನಿರ್ಧರಿಸಬೇಕು ಎನ್ನುವುದು ನನ್ನ ವಾದ. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ, ಬೇಡವಾದಷ್ಟೂ ಇದೆ. ತಕರಾರು ಉಳಿದೆರಡರದು.

[ದೃಶ್ಯ: ಮೇಜಿನ ಮೇಲೆ ಹೊಸ ಡೈಪರ್, ಕತ್ತರಿ, ಲೋಟದಲ್ಲಿ ನೀರು, ಉಪ್ಪಿನ ಡಬ್ಬಿ.]

ಮೊದಲು ಒಂದು ಡೈಪರನ್ನು ಕತ್ತರಿಸಿ ನೋಡೋಣ. ಮೈಗೆ ತಾಗುವ ಈ ಮೆತ್ತನೆಯ ಪದರ ಹತ್ತಿಯಂತೆ ಕಂಡರೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ. ಹೊರಗಿನ ಸೋರದ ಹಾಳೆಯೂ ಪ್ಲಾಸ್ಟಿಕ್ಕೇ. ನಡುವೆ ಮರದ ತಿರುಳು, ಅದರೊಳಗೆ ಬೆರೆತ ಸಣ್ಣ ಬಿಳಿ ಹರಳು. ಇದು ಸೋಡಿಯಂ ಪಾಲಿಅಕ್ರಿಲೇಟ್. ಡೈಪರಿನ ನಿಜವಾದ ಕೆಲಸಗಾರ ಇದೇ. ಮೂತ್ರದಂಥ ಉಪ್ಪಿನಂಶವಿರುವ ದ್ರವವನ್ನು ತನ್ನ ತೂಕದ ಸುಮಾರು 30 ಪಟ್ಟು ಹೀರಿ ಜೆಲ್ ಆಗುತ್ತದೆ, ಹಿಂಡಿದರೂ ಬಿಡುವುದಿಲ್ಲ. ಈಗ ಉಪ್ಪು ಸುರಿಯುತ್ತೇನೆ. ನೋಡಿ, ನೀರು ಬಿಟ್ಟುಕೊಡುತ್ತಿದೆ.

ಡೈಪರ್ ಹರಿದು ಈ ಜೆಲ್ ಮಗುವಿನ ಮೈಗೆ ಮೆತ್ತಿಕೊಂಡರೆ ಗಾಬರಿ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಇದನ್ನು ವಿಷವೆಂದು ಸಾರುವ ವಾಟ್ಸ್‌ಆಪ್ ವಿಡಿಯೋಗಳನ್ನು ನಂಬಬೇಡಿ. ಡೈಪರ್ ಹಾಕಿದರೆ ಕಾಲು ಡೊಂಕಾಗುತ್ತದೆ ಎಂಬುದೂ ಅದೇ ಸಾಲಿಗೆ ಸೇರಿದ ಮಾತು. ಎಳೆಯ ಮಕ್ಕಳ ಕಾಲು ಹುಟ್ಟಿನಿಂದಲೇ ತುಸು ಬಾಗಿರುತ್ತದೆ; ಎರಡು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿಯೇ ನೇರವಾಗುತ್ತದೆ.

ಡೈಪರಿನ ದೊಡ್ಡ ದೋಷ ಬೇರೆ ಇದೆ. ಅದು ಒದ್ದೆಯನ್ನು ಬಚ್ಚಿಡುತ್ತದೆ.

[ದೃಶ್ಯ: ಬಿದಿರಿನ ಬುಟ್ಟಿಯಲ್ಲಿ ಒದ್ದೆ ಬಟ್ಟೆಗಳು.]

ಹುಟ್ಟಿ ಐದು ದಿನ ಕಳೆದ ಮೇಲೆ, ಎದೆಹಾಲು ಸಾಕಷ್ಟು ಸಿಗುತ್ತಿರುವ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತದೆ, ಬಣ್ಣ ತಿಳಿಯಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಈ ಎಣಿಕೆಯೇ ತಾಯಿಗೆ ಧೈರ್ಯ. ಹಿರಿಯರು “ಬಾಯಿ ಒಣಗಿದೆ, ಒಂದು ಚಮಚ ನೀರು ಕುಡಿಸು” ಎಂದು ಒತ್ತಾಯಿಸುವುದೂ ಆಗಲೇ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದನ್ನು ಹೇಳಿ ವಾದಕ್ಕಿಳಿಯುವುದಕ್ಕಿಂತ ಬುಟ್ಟಿಯನ್ನು ಮುಂದೆ ಸರಿಸಿ: “ಅತ್ತೆ, ನೀವೇ ಎಣಿಸಿ, ಬೆಳಗಿನಿಂದ ಏಳು ಆಗಿವೆ.” ವಾದ ಅಲ್ಲಿಗೆ ತಣ್ಣಗಾಗುತ್ತದೆ. ಡೈಪರಿನಲ್ಲಿ ಈ ಲೆಕ್ಕ ಸಿಗುವುದು ಕಷ್ಟ. ಹಾಗಾಗಿ ಮೊದಲ ತಿಂಗಳು, ಅದರಲ್ಲೂ ಬೇಸಿಗೆಯಲ್ಲಿ, ಹಗಲು ಬಟ್ಟೆಯೇ ಇರಲಿ ಎನ್ನುತ್ತೇನೆ. ಎಣಿಕೆ ಇಳಿದರೆ, ಮೂತ್ರ ಕಡು ಹಳದಿಯಾದರೆ, ಮಗು ಹಾಲು ಬಿಟ್ಟು ಮಂಕಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಒಂದು ವಿನಾಯಿತಿ: ಹುಟ್ಟಿದ ಮೊದಲ ಎರಡು ಮೂರು ದಿನ ಬರುವ ಕಪ್ಪು, ಅಂಟಂಟು ಮಲ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ. ಆಗ ಡೈಪರ್ ಹಾಕಿ, ಇಲ್ಲವೇ ಎಸೆಯಬಹುದಾದ ಹಳೆಯ ಬಟ್ಟೆ ಬಳಸಿ. ಯಾವುದನ್ನೇ ಕಟ್ಟಿದರೂ ಹೊಕ್ಕುಳ ಬಳ್ಳಿ ಬೀಳುವವರೆಗೆ ಅದರ ಕೆಳಗೆ ಕಟ್ಟಿ.

ಇನ್ನು ಚರ್ಮದ ಮಾತು. ಬಟ್ಟೆ ಕಟ್ಟಿದರೆ ತೊಡೆಸಂದು ಕೆಂಪಾಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಅರ್ಧ ಸತ್ಯ. ಒದ್ದೆ ಬಟ್ಟೆಯನ್ನು ಹಾಗೆಯೇ ಬಿಟ್ಟರೆ ಚರ್ಮ ಡೈಪರಿಗಿಂತ ಬೇಗ ಕೆಡುತ್ತದೆ, ಏಕೆಂದರೆ ಡೈಪರಿನ ಜೆಲ್ ತೇವವನ್ನು ಮೈಯಿಂದ ದೂರ ಎಳೆದಿಡುತ್ತದೆ. ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಿ. ಡೈಪರನ್ನು ಹಗಲಿನಲ್ಲಿ ಮೂರು ನಾಲ್ಕು ಗಂಟೆ ಮೀರಿಸಬೇಡಿ. ಮಲ ತಾಗಿದರೆ ಎರಡನ್ನೂ ಆ ಕ್ಷಣವೇ ತೆಗೆಯಿರಿ. ಪೌಡರ್ ಸುರಿಯಬೇಡಿ, ಅದರ ಧೂಳು ಉಸಿರಿನಲ್ಲಿ ಒಳಗೆ ಹೋಗುತ್ತದೆ. ಸ್ವಲ್ಪ ಹೊತ್ತು ಏನನ್ನೂ ಕಟ್ಟದೆ ಗಾಳಿಗೆ ಬಿಡಿ, ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ. ಮಡಿಕೆಗಳಲ್ಲಿ ಕಡುಗೆಂಪು, ಸುತ್ತ ಚಿಕ್ಕ ಚಿಕ್ಕ ಗುಳ್ಳೆ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು. ಅದಕ್ಕೆ ವೈದ್ಯರು ಬರೆದುಕೊಡುವ ಬೇರೆ ಮುಲಾಮು ಬೇಕು.

[ದೃಶ್ಯ: ಬಚ್ಚಲು. ಕೊಡ, ಬಕೆಟ್, ಸಾಬೂನು.]

ಈಗ ನೀರು. ನಲ್ಲಿ ನೀರು ನಾಲ್ಕಾರು ದಿನಕ್ಕೊಮ್ಮೆ ಬರುವ ಬಡಾವಣೆಗಳವರು, ಕೊಳವೆಬಾವಿಯ ಸವಳು ನೀರನ್ನೇ ನಂಬಿದ ಹಳ್ಳಿಗಳವರು ಇಲ್ಲಿ ಕಿವಿಗೊಡಿ. ಸವಳು ನೀರಿನಲ್ಲಿ ಸಾಬೂನು ಬಿಲ್ಲೆ ನೊರೆ ಕೊಡದೆ ಜಿಡ್ಡಿನ ಕಲ್ಮಶವಾಗಿ ಬಟ್ಟೆಯಲ್ಲೇ ಕೂರುತ್ತದೆ. ಹಾಗಾದ ಬಟ್ಟೆ ಒರಟಾಗುತ್ತದೆ, ಸರಿಯಾಗಿ ಹೀರುವುದಿಲ್ಲ. ಬಿಲ್ಲೆಯ ಬದಲು ಒಗೆಯುವ ಪುಡಿ ಹಾಕಿ, ಜೊತೆಗೆ ತುಸು ವಾಷಿಂಗ್ ಸೋಡಾ, ಆಮೇಲೆ ಚೆನ್ನಾಗಿ ಜಾಲಿಸಿ. ಮಲವನ್ನು ಮೊದಲೇ ಶೌಚಾಲಯಕ್ಕೆ ಸುರಿದು, ತಣ್ಣೀರಿನಲ್ಲಿ ತೊಳೆದು, ನಂತರ ಬಿಸಿನೀರು. ಬಟ್ಟೆ ಮೆತ್ತಗಾಗಲೆಂದು ಕೊನೆಯಲ್ಲಿ ಹಾಕುವ ಸುವಾಸನೆಯ ದ್ರವ ಬೇಡವೇ ಬೇಡ, ಅದೂ ಹೀರುವ ಶಕ್ತಿಯನ್ನು ಕುಗ್ಗಿಸುತ್ತದೆ.

ಬಿಸಿಲಿಗೆ ಹಾಕಿದರೆ ಕಲೆಯೂ ಮಾಸುತ್ತದೆ, ಬಟ್ಟೆಯೂ ಗರಿಗರಿಯಾಗುತ್ತದೆ. ಗುಂಡಿ ಹಾಕುವ ಈಗಿನ ಬಟ್ಟೆ ಡೈಪರ್ ಕೊಂಡವರು ಒಂದು ಎಚ್ಚರ ವಹಿಸಬೇಕು: ಒಳಗಿನ ಹತ್ತಿಯ ಪಟ್ಟಿಯನ್ನು ಬಿಸಿಲಿಗೆ ಹಾಕಿ, ಪಾಲಿಯುರೆಥೇನ್ ಲೇಪವಿರುವ ಹೊರಕವಚವನ್ನು ನೆರಳಿನಲ್ಲೇ ಒಣಗಿಸಿ. ನಮ್ಮ ಮೇ ತಿಂಗಳ ಬಿಸಿಲಿಗೆ ಆ ಲೇಪ, ಇಲಾಸ್ಟಿಕ್ ಎರಡೂ ಬೇಗ ಬಾಳಿಕೆ ಕಳೆದುಕೊಳ್ಳುತ್ತವೆ. ಸಂಡೂರು, ತೋರಣಗಲ್ಲು ಕಡೆಯವರಿಗೆ ಅದಿರಿನ ಕೆಂಧೂಳು ಬೇರೆ. ತಂತಿಯನ್ನು ರಸ್ತೆಯ ಕಡೆ ಕಟ್ಟದೆ ಹಿತ್ತಿಲಿಗೆ ಕಟ್ಟಿ.

ಪರಿಸರದ ಲೆಕ್ಕವೂ ಬಿಸಿಲಿಗೇ ಬಂದು ನಿಲ್ಲುತ್ತದೆ. 2008ರಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡೂವರೆ ವರ್ಷಕ್ಕೆ ಒಂದು ಮಗುವಿನ ಡೈಪರುಗಳಿಂದ ಸುಮಾರು 550 ಕಿಲೋ, ಬಟ್ಟೆಯಿಂದ ಸುಮಾರು 570 ಕಿಲೋ ಇಂಗಾಲದ ಹೊರೆ, ಅಂದರೆ ಭೂಮಿಯನ್ನು ಬಿಸಿಮಾಡುವ ಅನಿಲ. ಓದಿ ಡೈಪರ್ ಬಳಗದವರು ಕುಣಿಯಬಹುದು, ಆದರೆ ಅಲ್ಲಿನ ಬಟ್ಟೆಯ ಲೆಕ್ಕದಲ್ಲಿ ಒಗೆಯುವ, ಒಣಗಿಸುವ ಯಂತ್ರಗಳ ವಿದ್ಯುತ್ತು ಸೇರಿದೆ. ತಂತಿಯ ಮೇಲೆ ಒಣಗಿಸಿ, ಯಂತ್ರ ತುಂಬುವಷ್ಟು ಬಟ್ಟೆ ಒಟ್ಟಿಗೆ ಒಗೆದು, ಅವನ್ನೇ ಎರಡನೆಯ ಮಗುವಿಗೂ ಬಳಸಿದರೆ ಬಟ್ಟೆಯ ಹೊರೆ ಸುಮಾರು ಶೇ 40ರಷ್ಟು ಇಳಿಯುತ್ತದೆ ಎಂದು ಅದೇ ಅಧ್ಯಯನ ಹೇಳುತ್ತದೆ. ತಂತಿಯ ಮೇಲೆ ಒಣಗಿಸಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಉಳಿದದ್ದು ಒಗೆಯುವ ಕೈ. ಬಟ್ಟೆ ಅಗ್ಗ ಎನ್ನುವವರು ಈ ಕೈಗೆ ಕೂಲಿ ಹಚ್ಚುವುದಿಲ್ಲ. ಹೊಲಿಗೆ ಬಿಚ್ಚಿರದ ಬಾಣಂತಿಯೋ ಮಂಡಿನೋವಿನ ಅವ್ವನೋ ಕುಕ್ಕರುಗಾಲಿನಲ್ಲಿ ಕುಳಿತು ದಿನಕ್ಕೆ ಹದಿನೈದು ಲಂಗೋಟಿ ತಿಕ್ಕಬೇಕಾದ ಮನೆಯಲ್ಲಿ ನಾನು ಬಟ್ಟೆಯ ಪರ ಮಾತನಾಡುವುದಿಲ್ಲ. ಬಟ್ಟೆಯೇ ಬೇಕೆಂದು ಹಟ ಹಿಡಿಯುವ ಗಂಡಸರು ಬಕೆಟ್ಟನ್ನೂ ಹಿಡಿಯಲಿ.

ದುಡ್ಡಿನ ಲೆಕ್ಕ ಸರಳ. ಡೈಪರ್ ಒಂದಕ್ಕೆ 10 ರೂಪಾಯಿ ಎಂದು ಹಿಡಿಯೋಣ. ದಿನಕ್ಕೆ ಆರರಂತೆ ತಿಂಗಳಿಗೆ 1,800 ರೂಪಾಯಿ. ರಾತ್ರಿಗೆ ಒಂದು ಮಾತ್ರ ಎಂದರೆ 300. ನಾನು ಒಪ್ಪುವುದು ಈ ಎರಡನೆಯ ಲೆಕ್ಕವನ್ನು: ಹಗಲು ಮನೆಯಲ್ಲಿ ಬಟ್ಟೆ, ರಾತ್ರಿಗೆ, ಬಸ್ ಪ್ರಯಾಣಕ್ಕೆ, ಆಸ್ಪತ್ರೆಗೆ, ಟಾಕಿ ಬರಿದಾದ ದಿನಕ್ಕೆ ಡೈಪರ್. ಅಂದ ಹಾಗೆ, 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಬಿಲ್ ನೋಡಿಕೊಳ್ಳಿ. ಮಗು ಬೇಗ ಬೆಳೆಯುವುದರಿಂದ ಚಿಕ್ಕ ಅಳತೆಯ ದೊಡ್ಡ ಪ್ಯಾಕೆಟ್ ಕೊಳ್ಳಬೇಡಿ.

[ದೃಶ್ಯ: ಬಳಸಿದ ಡೈಪರನ್ನು ಸುತ್ತಿ ಪತ್ರಿಕೆಯಲ್ಲಿ ಕಟ್ಟುತ್ತಿರುವ ಕೈಗಳು.]

ಬಳಸಿದ ಡೈಪರನ್ನು ಕಾಲುವೆಗೆ ಎಸೆಯುವುದನ್ನು ದಯವಿಟ್ಟು ನಿಲ್ಲಿಸಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಂದಿನ ಊರಿನ ಹೊಲಕ್ಕೆ, ಕೆರೆಗೆ ಹೋಗುತ್ತದೆ. ಶೌಚಾಲಯಕ್ಕೆ ಹಾಕಿದರೆ ಕೊಳವೆ ಕಟ್ಟುತ್ತದೆ, ಸುಟ್ಟರೆ ಪ್ಲಾಸ್ಟಿಕ್ ಹೊಗೆ, ತಿಪ್ಪೆಗೆ ಹಾಕಿದರೆ ಗೊಬ್ಬರವಾಗುವುದಿಲ್ಲ. ಮಲವನ್ನು ಶೌಚಾಲಯಕ್ಕೆ ಉದುರಿಸಿ, ಡೈಪರನ್ನು ಸುತ್ತಿ ಪತ್ರಿಕೆಯಲ್ಲಿ ಕಟ್ಟಿ, ಹಸಿ ಕಸಕ್ಕೆ ಸೇರಿಸದೆ ಕಸದ ಗಾಡಿಯವರ ಕೈಗೆ ಪ್ರತ್ಯೇಕವಾಗಿ ಕೊಡಿ. 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದೂ ಇದನ್ನೇ, ಸುತ್ತಿ ಕೊಡಿ ಎಂದು.

ಪಂಚೆಯ ಚೌಕವನ್ನು ಪಿನ್ನು ಇಲ್ಲದೆ ಮಡಚಿ ಕಟ್ಟುವ ಮೂರು ವಿಧಾನಗಳನ್ನು ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ. ಮಗುವಿನ ಕಾಲುಗಳನ್ನು ನೇರ ಮಾಡಿ ಬಿಗಿಯುವ ಕಟ್ಟು ಮಾತ್ರ ಬೇಡ, ಅದರಿಂದ ಸೊಂಟದ ಕೀಲಿಗೆ ತೊಂದರೆಯಾಗಬಹುದು.