ಹೆಚ್ಚು ಹಿಗ್ಗದ ಹಗ್ಗ

ಕೇಳುಗರೇ, ನಮಸ್ಕಾರ.

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಹಗ್ಗಕ್ಕೆ ಕೆಲಸ ಜಾಸ್ತಿ. ಬಾವಿಗೆ ಬಿದ್ದವರು, ಧರೆ ಕುಸಿದಲ್ಲಿ ಸಿಕ್ಕಿಕೊಂಡವರು, ಜಲಪಾತದ ಅಂಚಿನಲ್ಲಿ ಜಾರಿದವರು. ಇಂಥಲ್ಲಿಗೆ ಇಳಿಯುವ ತಂಡದವರು ಎಂಥ ಹಗ್ಗ ಕೊಳ್ಳಬೇಕು?

ಪೇಟೆಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಬೇಡ. ಮೂಟೆ ಬಿಗಿಯಲು ಅದು ಸಾಕು, ಜೀವಕ್ಕಲ್ಲ. ಬಂಡೆ ಹತ್ತುವವರ ಹಗ್ಗವೂ ಇಲ್ಲಿಗೆ ಹೊಂದುವುದಿಲ್ಲ. ಹತ್ತುವವನು ಬಿದ್ದಾಗ ಪೆಟ್ಟು ನುಂಗಲೆಂದೇ ಅದು ಚೆನ್ನಾಗಿ ಹಿಗ್ಗುತ್ತದೆ. ನಮಗೆ ಬೇಕಾದದ್ದು ಸ್ಟ್ಯಾಟಿಕ್ ಹಗ್ಗ, ಅಂದರೆ ಹೆಚ್ಚು ಹಿಗ್ಗದ್ದು. ಒಳಗೆ ತಿರುಳು, ಹೊರಗೆ ಹೆಣೆದ ಕವಚ. ಅದರ ಮಾನದಂಡ ಯುರೋಪಿನ ಇಎನ್ 1891. ಭಾರವನ್ನು 50 ಕಿಲೋದಿಂದ 150 ಕಿಲೋಗೆ ಏರಿಸಿದಾಗ ಹಗ್ಗ ಶೇಕಡಾ 5ಕ್ಕಿಂತ ಹೆಚ್ಚು ಉದ್ದವಾಗಬಾರದು.

ಶೇಕಡಾ 5 ಅಂದರೆ ಎಷ್ಟು ಮಹಾ ಅನ್ನಿಸಬಹುದು. ಜೋಗಕ್ಕೆ ಹೋಗೋಣ. ರಾಜಾ ಧಾರೆಯ ಎತ್ತರ 253 ಮೀಟರ್. ಅಷ್ಟುದ್ದದ ಹಗ್ಗದ ತುದಿಯಲ್ಲಿ ರಕ್ಷಕ ತೂಗುತ್ತಿದ್ದಾನೆ. ಗಾಯಾಳುವನ್ನೂ ಅದೇ ಹಗ್ಗಕ್ಕೆ ಸೇರಿಸಿಕೊಂಡ. ಹಗ್ಗ ಶೇಕಡಾ 3ರಷ್ಟೇ ಹಿಗ್ಗಿದರೂ ಇಬ್ಬರೂ ಏಳು ಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತಾರೆ! ಮೇಲಿದ್ದವರು ಎಳೆಯತೊಡಗಿದರೆ ಮೊದಲು ಆ ಹಿಗ್ಗು ತೀರಬೇಕು. ಅಲ್ಲಿಯವರೆಗೆ ಹಗ್ಗ ಬಂಡೆಯಂಚಿನ ಮೇಲೆ ಉಜ್ಜುತ್ತಲೇ ಇರುತ್ತದೆ, ಗರಗಸದ ಹಾಗೆ. ಅಂಚಿಗೆ ದಪ್ಪ ಗೋಣಿಯನ್ನಾದರೂ ಹಾಸಲೇಬೇಕು, ಅದೂ ಜರುಗದ ಹಾಗೆ ಕಟ್ಟಿ.

ಹಾಗಂತ ಸ್ವಲ್ಪವೂ ಹಿಗ್ಗದ್ದೇ ಒಳ್ಳೆಯದು ಎನ್ನುವ ಹಾಗಿಲ್ಲ. ಕಡಿಮೆ ಹಿಗ್ಗುವ ಹಗ್ಗ ಬಿದ್ದವನ ಪೆಟ್ಟನ್ನು ಅಷ್ಟಾಗಿ ನುಂಗುವುದಿಲ್ಲ, ಎಲ್ಲ ಅವನ ಮೈಮೇಲೇ ಬರುತ್ತದೆ. ಅದಕ್ಕೇ ಹಗ್ಗ ಕಟ್ಟಿದ ಜಾಗಕ್ಕಿಂತ ಮೇಲೆ ಹತ್ತಬಾರದು, ಹಗ್ಗ ಸಡಿಲ ಬಿಡಲೂಬಾರದು.

ಮಾನದಂಡದಲ್ಲಿ ಎ, ಬಿ ಎಂದು ಎರಡು ಬಗೆ. ರಕ್ಷಣೆಗೆ ಎ ಬಗೆಯೇ ಇರಲಿ. ಅದು ಕನಿಷ್ಠ 22 ಕಿಲೋನ್ಯೂಟನ್ ತಡೆಯಬೇಕು, ಹೆಚ್ಚುಕಡಿಮೆ 2,200 ಕಿಲೋ ಭಾರ. ಗಂಟು ಹಾಕಿದ ಮೇಲೆ ಅಷ್ಟು ಉಳಿಯುವುದಿಲ್ಲ, ಪರೀಕ್ಷೆಯಲ್ಲಿ 15 ಕಿಲೋನ್ಯೂಟನ್ ಕೇಳುತ್ತಾರೆ. ದಪ್ಪ 11 ಮಿಲಿಮೀಟರ್ ಆಸುಪಾಸು ಸಾಕು. ಆದರೆ ಮೊದಲು ನಿಮ್ಮ ಇಳಿಯುವ ಸಾಧನದ ಮೇಲೆ ಅಚ್ಚಾಗಿರುವ ಅಳತೆ ನೋಡಿ. ತೆಳ್ಳಗಾದರೆ ಜಾರುತ್ತದೆ, ದಪ್ಪವಾದರೆ ಸುಮ್ನೆ ಒದ್ದಾಟ.

ಇನ್ನು ನಮ್ಮ ಮಳೆ. ನೈಲಾನ್ ನೀರು ಕುಡಿಯುತ್ತದೆ. ತೂಕ ಏರುತ್ತದೆ, ಬಲ ಸ್ವಲ್ಪ ಇಳಿಯುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾಲಿಯೆಸ್ಟರ್ ಅಷ್ಟು ನೀರು ಹೀರುವುದಿಲ್ಲ, ಆದರೆ ಪೆಟ್ಟು ನುಂಗುವುದೂ ಕಡಿಮೆ. ಆಗುಂಬೆ, ಹುಲಿಕಲ್ ಕಡೆಗೆ ಪಾಲಿಯೆಸ್ಟರ್ ಕವಚ, ನೈಲಾನ್ ತಿರುಳಿನದು ಒಳ್ಳೆಯ ಆಯ್ಕೆ ಎಂದು ನನ್ನ ಲೆಕ್ಕ. ಕೆಸರಾದರೆ ತೊಳೆದು ನೆರಳಲ್ಲಿ ಒಣಗಿಸಿ. ಮುರಕಲ್ಲಿನ ಪುಡಿ ಕವಚದೊಳಗೆ ಸೇರಿದರೆ ಎಳೆಗಳನ್ನು ಒಳಗಿಂದಲೇ ಕೊಯ್ಯುತ್ತದೆ.

ಹಗ್ಗವನ್ನು ಜೀಪಿನ ಬ್ಯಾಟರಿ ಪಕ್ಕ, ತೋಟದ ಔಷಧಿ ಇಡುವ ಕೊಟ್ಟಿಗೆಯಲ್ಲಿ ಇಡಬೇಡಿ. ಬ್ಯಾಟರಿಯ ಆಸಿಡ್ ನೈಲಾನನ್ನು ತಿನ್ನುತ್ತದೆ, ಹೊರಗೆ ಕಲೆಯೂ ಕಾಣದೇ ಇರಬಹುದು.

ಕೊಳ್ಳುವಾಗ ಕತ್ತರಿಸಿದ ತುದಿ ನೋಡಿ. ತಿರುಳಿನಲ್ಲಿ ಸಣ್ಣ ಪಟ್ಟಿ ಇರುತ್ತದೆ, ಅದರ ಮೇಲೆ ತಯಾರಕರ ಹೆಸರು, ಮಾನದಂಡದ ಸಂಖ್ಯೆ, ತಯಾರಾದ ವರ್ಷ ಅಚ್ಚಾಗಿರುತ್ತವೆ. ಪಟ್ಟಿಯೇ ಇಲ್ಲವೇ? ಬೇರೆ ಅಂಗಡಿ ನೋಡಿ.

ನಮಸ್ಕಾರ.