ಮೂರನೇ ಮಾಲೀಕನ ಕಾರು

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಡೊಂಬಿವಲಿಯಿಂದ ಫೋನ್ ಬಂತು. ‘ಅಣ್ಣಾ, ಗಾಡಿ ರಾತ್ರಿ ಸರಿಯಾಗೇ ನಿಂತಿತ್ತು. ಈಗ ನೋಡಿದ್ರೆ ನೆಲಕ್ಕೆ ಕೂತುಬಿಟ್ಟಿದೆ. ಏಳ್ತಾನೇ ಇಲ್ಲ.’

ಮಾತಾಡಿದವರು ನಮ್ಮ ಕುಂದಾಪುರ ಕಡೆಯವರು. ಕೇಟರಿಂಗ್ ಮಾಡುತ್ತಾರೆ. ಹನ್ನೊಂದು ವರ್ಷದ ಹಳೆಯ ಲಕ್ಷುರಿ ಕಾರೊಂದನ್ನು ಕೊಂಡು ಮದುವೆಗಳಿಗೆ ಬಾಡಿಗೆಗೆ ಬಿಡುತ್ತಾರೆ. ಯಾವ ಕಂಪನಿಯದ್ದು ಅಂತ ಕೇಳಬೇಡಿ, ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಾರಿಯ ಮೇಲೆ ಹೇರಿಕೊಂಡು ಮಾಹಿಮ್‌ನ ನನ್ನ ಗ್ಯಾರೇಜಿಗೆ ತಂದರು. ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆಯ ಹಾಗಿತ್ತು ಕಾರು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಲು ಜಾಗವಿಲ್ಲ.

ಅದು ಏರ್ ಸಸ್ಪೆನ್ಷನ್ ಗಾಡಿ. ಉಕ್ಕಿನ ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ಹೊಸದರಲ್ಲಿ ಮುಂಬಯಿಯ ಗುಂಡಿಗಳ ಮೇಲೂ ತೊಟ್ಟಿಲಿನ ಹಾಗೆ ತೂಗಿಕೊಂಡು ಹೋಗುತ್ತದೆ, ಸುಳ್ಳು ಹೇಳಬಾರದು. ಆದರೆ ರಬ್ಬರ್ ರಬ್ಬರೇ. ವರ್ಷ ಕಳೆದ ಹಾಗೆ ಮಡಿಕೆಯಲ್ಲಿ ಸಣ್ಣ ಬಿರುಕು ಬಿಡುತ್ತದೆ, ರಾತ್ರಿಯೆಲ್ಲ ಗಾಳಿ ಸೋರುತ್ತದೆ. ಬೆಳಿಗ್ಗೆ ಅದನ್ನು ತುಂಬಿಸಲು ಕಂಪ್ರೆಸರ್ ಹೆಣಗುತ್ತದೆ. ದಿನಾ ಹೆಣಗಿ ಹೆಣಗಿ ಕೊನೆಗೆ ಅದೂ ಸುಟ್ಟುಹೋಗುತ್ತದೆ. ಸೋಪಿನ ನೀರು ಹಾಕಿ ನೋಡಿದೆ. ಎರಡು ಕಡೆ ಗುಳ್ಳೆ ಎದ್ದಿತು. ನಾಲ್ಕೂ ಚೀಲ, ಮೇಲೆ ಕಂಪ್ರೆಸರ್. ಲೆಕ್ಕ ಹಾಕಿದಾಗ ಅವರು ಗಾಡಿ ಕೊಂಡ ದುಡ್ಡಿನ ಹತ್ತಿರ ಹತ್ತಿರ ಅರ್ಧ ಆಯಿತು. ಅವರು ಅಲ್ಲೇ ಟೈರಿನ ಮೇಲೆ ಕೂತರು.

ಹೊಸ ಲಕ್ಷುರಿ ಕಾರು ಹಳೆಯದಕ್ಕೆ ಸಮವೇ ಅಂತ ಜನ ನನ್ನನ್ನು ಕೇಳುತ್ತಿರುತ್ತಾರೆ. ನಾನು ಮೊದಲ ಮಾಲೀಕನನ್ನು ನೋಡಿ ಉತ್ತರ ಹೇಳುವವನಲ್ಲ. ಶೋರೂಮಿನಿಂದ ಹೊರಬಂದ ದಿನ ಎಲ್ಲ ಕಾರೂ ಚೆನ್ನ. ಈ ಊರಿನಲ್ಲಿ ದೊಡ್ಡ ಕಾರಿಗೆ ಒಂದು ದಾರಿ ಇದೆ. ಮಲಬಾರ್ ಹಿಲ್‌ನಲ್ಲಿ ಹುಟ್ಟುತ್ತದೆ. ಐದಾರು ವರ್ಷಕ್ಕೆ ಘಾಟ್ಕೋಪರ್, ಮುಲುಂಡ್ ಕಡೆ ಬರುತ್ತದೆ. ಆಮೇಲೆ ಡೊಂಬಿವಲಿ, ಉಲ್ಲಾಸನಗರ. ಕೊನೆಗೆ ಕುರ್ಲಾದ ಗುಜರಿ. ಆ ಮೂರನೇ ಮಾಲೀಕನ ಕೈಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನೋಡಿ ನಾನು ಮಾತಾಡುತ್ತೇನೆ.

ಮಾಟುಂಗದ ಹೋಟೆಲ್ ಮಾಲೀಕರೊಬ್ಬರ ಹತ್ತಿರ ಮರ್ಸಿಡಿಸ್‌ನ 240 ಡಿ ಇದೆ. 1976ರಲ್ಲಿ ಶುರುವಾದ ಮಾದರಿ. ಹತ್ತು ವರ್ಷದಲ್ಲಿ ಇದರ ಎಲ್ಲ ಬಗೆ ಸೇರಿ ಸುಮಾರು 27 ಲಕ್ಷ ಕಾರು ಮಾಡಿದರು. ಓಟ ಮಾತ್ರ ಎತ್ತಿನ ಗಾಡಿಯದ್ದು. ನೂರು ಕಿಲೋಮೀಟರ್ ವೇಗ ಮುಟ್ಟಲು 20 ಸೆಕೆಂಡಿಗೂ ಜಾಸ್ತಿ ಬೇಕು. ಇವತ್ತಿನ ಸಣ್ಣ ಮಾರುತಿ ಅದನ್ನು ಹಿಂದೆ ಹಾಕಿ ಹೋಗುತ್ತದೆ. ಆದರೆ ಒಳಗಿನ ಕೆಲಸ ನೋಡಿ. ಬಾಗಿಲಿನ ಲಾಕ್ ಎಲ್ಲ ಒಟ್ಟಿಗೆ ಬೀಳುವುದು ಗಾಳಿಯ ಎಳೆತದಿಂದ. ಕೀ ತಿರುಗಿಸಿದಾಗ ಎಂಜಿನ್ ನಿಲ್ಲುವುದೂ ಅದೇ ಎಳೆತದಿಂದ. ರಬ್ಬರ್ ಕೊಳವೆ ಎಲ್ಲಾದರೂ ಸೋರಿದರೆ ಕೀ ತೆಗೆದು ಜೇಬಿಗೆ ಹಾಕಿದರೂ ಎಂಜಿನ್ ಗುಡುಗುಡು ಅಂತ ಓಡುತ್ತಲೇ ಇರುತ್ತದೆ! ಅದಕ್ಕೂ ಉಪಾಯ ಮಾಡಿಟ್ಟಿದ್ದಾರೆ. ಬಾನೆಟ್ ಎತ್ತಿದರೆ ‘ಸ್ಟಾಪ್’ ಅಂತ ಬರೆದ ಒಂದು ಹಿಡಿ. ಒತ್ತಿದರೆ ಆಯಿತು. ಆಮೇಲೆ ಗೇಣುದ್ದದ ಕೊಳವೆ ಬದಲಾಯಿಸಿದರೆ ಸರಿ. ಕೆಟ್ಟಾಗ ಏನು ಮಾಡಬೇಕು ಅಂತ ಕಾರು ಕಟ್ಟಿದವನೇ ಯೋಚಿಸಿದ್ದ, ಅಲ್ವಾ?

ಹಳೆಯದನ್ನು ಸುಮ್ನೆ ಅಟ್ಟಕ್ಕೆ ಏರಿಸುವುದೂ ಬೇಡ. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕನೊಬ್ಬ 1976ರ 240 ಡಿ ಕಾರಿನಲ್ಲಿ 46 ಲಕ್ಷ ಕಿಲೋಮೀಟರ್ ಓಡಿಸಿದ. ಆ ಕಾರು ಈಗ ಕಂಪನಿಯ ಮ್ಯೂಸಿಯಮ್ಮಿನಲ್ಲಿದೆ. ಈ ಕತೆ ಹೇಳುವವರು ಅವನು ನಡುವೆ ಎಷ್ಟೋ ಸಲ ಎಂಜಿನ್ ಬದಲಾಯಿಸಿದ್ದನ್ನು ಹೇಳುವುದಿಲ್ಲ. 1990ರ ದಶಕದ ಮೊದಲಲ್ಲಿ ಇದೇ ಕಂಪನಿಯ ಕೆಲವು ಕಾರುಗಳಿಗೆ ಬಂದ ಎಂಜಿನ್ ವೈರಿಂಗ್‌ನ ಹೊದಿಕೆ, ಬಿಸಿಗೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು ಅನ್ನುವುದೂ ಜಗತ್ತಿನ ಮಿಸ್ತ್ರಿಗಳಿಗೆಲ್ಲ ಗೊತ್ತು. ಅಪಘಾತದ ವಿಷಯಕ್ಕೆ ಬಂದರೆ ನಾನು ಮಾತೇ ಆಡುವುದಿಲ್ಲ. ಮೊಮ್ಮಗಳನ್ನು ಪುಣೆಗೆ ಕರೆದುಕೊಂಡು ಹೋಗುವಾಗ ಹೊಸ ಕಾರೇ ಬೇಕು ನನಗೆ.

ಆದರೆ ಇಲ್ಲೇ ಒಂದು ತಮಾಷೆ ಇದೆ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್, 1978ರಲ್ಲಿ ಮರ್ಸಿಡಿಸ್‌ನ ದೊಡ್ಡ ಕಾರು ಎಸ್-ಕ್ಲಾಸಿನಲ್ಲಿ ಬಂತು. ಅದರ ಹಿಂದೆಯೇ, 1980-81ರಲ್ಲಿ, ಏರ್‌ಬ್ಯಾಗ್. ಆಗ ಅದು ಶ್ರೀಮಂತರ ಸೊತ್ತು. 2019ರಿಂದ ನಮ್ಮಲ್ಲಿ ಸಣ್ಣ ಕಾರಿಗೂ ಎರಡೂ ಕಡ್ಡಾಯ. ಒಳ್ಳೆಯದೇ ಆಯಿತು. ಹಾಗಾದರೆ ದೊಡ್ಡ ಕಾರಿನವನು ಇನ್ನು ಏನು ಮಾರಬೇಕು? ಒಳಗೆ 64 ಬಣ್ಣದ ದೀಪ ಹಾಕಿದ. ಈ ಬಾಗಿಲಿನಿಂದ ಆ ಬಾಗಿಲಿನ ತನಕ 141 ಸೆಂಟಿಮೀಟರ್ ಸ್ಕ್ರೀನ್ ಇಟ್ಟ. ಎಸಿ ಜಾಸ್ತಿ ಮಾಡಲು ಗಾಜಿನ ಮೇಲೆ ಬೆರಳಾಡಿಸಬೇಕು. ಹಲವು ಬಿಎಂಡಬ್ಲ್ಯು ಕಾರುಗಳಲ್ಲಿ ಆಯಿಲ್ ನೋಡುವ ಕಡ್ಡಿಯೇ ಇಲ್ಲ, ಸ್ಕ್ರೀನ್ ಹೇಳಿದ್ದನ್ನು ನಂಬಬೇಕು. ಹೊಸ ಬ್ಯಾಟರಿ ಹಾಕಿದರೆ ಕಂಪ್ಯೂಟರಿಗೆ ಹೇಳಬೇಕು, ಸೊಸೆ ಬಂದಳು ಅಂತ ಮನೆದೇವರಿಗೆ ಹೇಳಿದ ಹಾಗೆ.

ಜಾಣತನ ಎಲ್ಲಿ ಖರ್ಚಾಗುತ್ತಿತ್ತು ಅನ್ನುವುದಕ್ಕೆ ಇನ್ನೊಂದು ಹೇಳುತ್ತೇನೆ. 1995ರಲ್ಲಿ ಪುಣೆ ಪಕ್ಕದ ಪಿಂಪ್ರಿಯಲ್ಲಿ ಮರ್ಸಿಡಿಸ್ ಜೋಡಿಸಲು ಶುರುಮಾಡಿದ ಇ-ಕ್ಲಾಸಿಗೆ ವೈಪರ್ ಒಂದೇ. ಅದು ಸುಮ್ಮನೆ ಅರ್ಧ ಸುತ್ತು ಹೊಡೆಯುವುದಿಲ್ಲ. ಮೂಲೆ ಬಂದಾಗ ತೋಳು ಉದ್ದ ಮಾಡಿ ಒರೆಸಿ ಮತ್ತೆ ಗಿಡ್ಡವಾಗುತ್ತದೆ. ಎಲ್ಲ ಹಲ್ಲಿನ ಚಕ್ರದ ಕೆಲಸ. ಜುಲೈ ಮಳೆಯಲ್ಲಿ ಅದರ ಒಳಗೆ ಕೂತು ನೋಡಬೇಕು ನೀವು. ಅಜ್ಜಿ ನೆಲ ಸಾರಿಸುವುದು ನೆನಪಾಗುತ್ತದೆ.

ಇನ್ನು ಡೊಂಬಿವಲಿಯ ಎಮ್ಮೆ. ನಾಲ್ಕೂ ಚೀಲ ಬಿಚ್ಚಿ ಉಕ್ಕಿನ ಸ್ಪ್ರಿಂಗ್ ಕೂರಿಸಿದೆ. ಗಾಡಿ ಎದ್ದು ನಿಂತಿತು. ತೊಟ್ಟಿಲಿನ ತೂಗಾಟ ಹೋಯಿತು, ಗುಂಡಿ ಬಂದರೆ ಈಗ ಸೊಂಟಕ್ಕೆ ಗೊತ್ತಾಗುತ್ತದೆ. ಆದರೆ ಕಂಪ್ಯೂಟರ್ ಒಪ್ಪಿಲ್ಲ. ಗಾಳಿ ಎಲ್ಲಿ, ಗಾಳಿ ಎಲ್ಲಿ ಅಂತ ಮೀಟರಿನಲ್ಲಿ ಕೆಂಪು ದೀಪ ಉರಿಸುತ್ತಲೇ ಇದೆ. ಮೊನ್ನೆ ಗಾಡಿ ತೊಳೆಸಿಕೊಂಡು ಬಂದಿದ್ದರು, ಮದುವೆ ಸೀಸನ್ ಶುರುವಾಯಿತಲ್ಲ. ಬಗ್ಗಿ ನೋಡಿದೆ. ಆ ದೀಪದ ಮೇಲೆ ಪುಟ್ಟ ಗಣಪತಿ ಸ್ಟಿಕ್ಕರ್ ಅಂಟಿಸಿದ್ದಾರೆ. ಹಿಂದಿನಿಂದ ಬೆಳಕು ಬಿದ್ದು ಗಣಪತಿ ಕೆಂಪಗೆ ಹೊಳೆಯುತ್ತಿದ್ದ.